ಮಧ್ಯಾಹ್ನದ ಎರಡನೆಯ ಸೂರ್ಯ

ಇತ್ತೀಚೆಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ರಸ್ತೆಯಲ್ಲಿ ಹೋಗುವಾಗ ಕಂಡವರ ಮನೆಯ ಕಿಟಕಿಗಳನ್ನು ದಿಟ್ಟಿಸಿ ನೋಡುತ್ತೇನೆ. ಒಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದೆಲ್ಲ ನನಗೆ ಬೇಕಿಲ್ಲ. ಗಾಜು ಎಂಥದ್ದು, ಪರದೆ ದಪ್ಪವೋ ತೆಳುವೋ, ಬಿಸಿಲು ಯಾವ ಹೊತ್ತಿಗೆ ಯಾವ ಮೂಲೆಯಿಂದ ಬೀಳುತ್ತದೆ, ಇಷ್ಟೇ ನನ್ನ ಕುತೂಹಲ. ಆದರೆ ಒಳಗಿದ್ದವರಿಗೆ ಇದು ತಿಳಿಯುವುದು ಹೇಗೆ? ಮೊನ್ನೆ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಹಳೆಯ ಮನೆಯೊಂದರ ಬಿದಿರಿನ ಪರದೆಯನ್ನು ಮೈಮರೆತು ನೋಡುತ್ತ ನಿಂತಿದ್ದೆ. ಹೆಂಗಸೊಬ್ಬರು ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕಿಟಕಿಯನ್ನೇ ದಢಾರನೆ ಮುಚ್ಚಿದರು. ಭೌತಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದವನು, ತಲೆಯಲ್ಲಿ ಕರಿಗೂದಲು ಹುಡುಕಿದರೂ ಸಿಗದವನು, ಆ ರಸ್ತೆಯ ಕೊನೆಯವರೆಗೂ ಕಳ್ಳನ ಹಾಗೆ ಬೇಗಬೇಗ ನಡೆದೆ. ನಡೆಯುವಾಗಲೂ ನನ್ನ ಚಿಂತೆ, ಕಿಟಕಿ ಮುಚ್ಚಿದ ಆ ಕೋಣೆ ಇನ್ನು ಎಷ್ಟು ಕುದಿಯುತ್ತದೋ ಎಂಬುದೇ ಆಗಿತ್ತು.

ಈ ಚಟ ಹತ್ತಿದ್ದು ನನ್ನ ಹೆಂಡತಿ ಗಿರಿಜೆಯ ಕಾಲಿನಿಂದ. ಅವಳಿಗೆ ನರಗಳ ಒಂದು ಕಾಯಿಲೆ. ಹೆಸರು ಉದ್ದ, ಔಷಧಿ ಕಡಿಮೆ. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ. ಮೈ ತಂಪಾಗಿದ್ದಾಗ ಮಿದುಳು ಹೇಳಿದ್ದು ಹೇಗೋ ಕಾಲಿಗೆ ಮುಟ್ಟುತ್ತದೆ, ಮೈ ಸ್ವಲ್ಪ ಬಿಸಿಯಾದರೆ ದಾರಿಯಲ್ಲೇ ಕಳೆದುಹೋಗುತ್ತದೆ. ಡಾಕ್ಟರು ಇದನ್ನೆಲ್ಲ ತಿಳಿಯಹೇಳಿ, ಆದಷ್ಟು ತಣ್ಣಗಿರಿ ಎಂದರು. ಬೆಂಗಳೂರಿನವರಿಗೆ ಇದಕ್ಕಿಂತ ಸುಲಭದ ಪಥ್ಯ ಉಂಟೇ ಎಂದು ನಾವಿಬ್ಬರೂ ನಗುತ್ತ ಮನೆಗೆ ಬಂದೆವು. ಬೆಳಿಗ್ಗೆ ಗಿರಿಜೆ ಇಡೀ ಮನೆ ಓಡಾಡುತ್ತಾಳೆ, ಪಾತ್ರೆ ಎತ್ತಿಡುತ್ತಾಳೆ, ತುಳಸಿಗೆ ನೀರು ಹಾಕುತ್ತಾಳೆ, ನನ್ನನ್ನು ಬೈಯುತ್ತಾಳೆ. ಊಟದ ಹೊತ್ತು ದಾಟಿತೆಂದರೆ ಎಡಗಾಲು ಎಳೆಯತೊಡಗುತ್ತದೆ. ಆಮೇಲೆ ಗೋಡೆ ಹಿಡಿಯುತ್ತಾಳೆ. ಆಮೇಲೆ ನನ್ನ ತೋಳು. ಸಂಜೆ ತಂಪಾದಾಗ ಕಾಲು ತಿರುಗಿ ಬರುತ್ತದೆ, ಕಚೇರಿಗೆ ಹೋಗಿದ್ದವರು ಮನೆಗೆ ಬಂದ ಹಾಗೆ. ಮಧ್ಯಾಹ್ನದ ಆ ಕೆಲವು ಗಂಟೆಗಳನ್ನು ಅವಳಿಗೆ ಉಳಿಸಿಕೊಡುವುದು, ತನ್ನ ಮನೆಯಲ್ಲಿ ತಾನೇ ನಡೆದಾಡುವಂತೆ ಮಾಡುವುದು, ನಿವೃತ್ತಿಯ ನಂತರ ನಾನು ಹಿಡಿದ ಕೆಲಸ ಇದೊಂದೇ. ಅದರಲ್ಲಿ ಸೋತಿದ್ದೇನೆ. ಸೋತ ಕಥೆಯನ್ನು ನಗುತ್ತ ಹೇಳಬಹುದೆಂದು ಕುಳಿತಿದ್ದೇನೆ. ಎಲ್ಲಾದರೂ ನಗು ಬಾರದಿದ್ದರೆ ಮನ್ನಿಸಬೇಕು.

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ತಾತ ಕಟ್ಟಿಸಿದ್ದು. ಅದರ ಯಾವ ಕೋಣೆಯ ಸೂರಿನಲ್ಲೂ ಫ್ಯಾನಿನ ಕೊಕ್ಕೆ ಇಲ್ಲ. ಮರೆತದ್ದಲ್ಲ, ಬೇಡವೆಂದು ಬಿಟ್ಟದ್ದು. ಹಳೆಯ ಬೆಂಗಳೂರಿಗರಿಗೆ ಚಿನ್ನ, ಜಮೀನು, ವಿದ್ಯೆ ಯಾವುದರ ಜಂಬವೂ ಅಷ್ಟಿರಲಿಲ್ಲ. ನಮ್ಮೂರಿಗೆ ಫ್ಯಾನ್ ಬೇಡ ಎಂಬ ಜಂಬ ಮಾತ್ರ ಹೇಳತೀರದಷ್ಟಿತ್ತು. ಮದರಾಸಿನಿಂದ ನೆಂಟರು ಬಂದರೆ ನಮ್ಮಜ್ಜಿ ಮೇ ತಿಂಗಳಲ್ಲೂ ಅವರ ಹಾಸಿಗೆಯ ಮೇಲೆ ಕಂಬಳಿಯೊಂದನ್ನು ಮಡಿಸಿಡುತ್ತಿದ್ದರು. ಅವರಿಗೆ ಕಂಬಳಿ ಬೇಕಾಗುತ್ತಿತ್ತೋ ಇಲ್ಲವೋ, ಅದನ್ನು ಕಂಡು ಅವರ ಮುಖದಲ್ಲಿ ಮೂಡುವ ಹೊಟ್ಟೆಕಿಚ್ಚು ಅಜ್ಜಿಗೆ ಬೇಕಾಗಿತ್ತು. ಕಾಲ ಕೆಟ್ಟು ಟೇಬಲ್ ಫ್ಯಾನ್ ತಂದ ಮೇಲೂ, ನಮ್ಮ ಕಡೆಯ ಹಿರಿಯರು ಬರುತ್ತಾರೆಂದರೆ ಅದನ್ನು ಮಂಚದ ಕೆಳಗೆ ತಳ್ಳಿ, ಬೆವರು ಒರೆಸಿಕೊಂಡು ಬಾಗಿಲು ತೆರೆಯುತ್ತಿದ್ದೆವು. ಬಂದವರೂ ಬೆವರು ಒರೆಸಿಕೊಳ್ಳುತ್ತ, 'ಎಷ್ಟೇ ಆದ್ರೂ ನಮ್ಮೂರ ಹವಾನೇ ಹವಾ' ಎಂದು ಹೇಳಿ ಹೋಗುತ್ತಿದ್ದರು. ಅವರ ಮಂಚದ ಕೆಳಗೂ ಒಂದು ಫ್ಯಾನ್ ಇದ್ದಿರಬೇಕು.

ಗಿರಿಜೆ ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವಳು. ಅವಳ ಜಂಬ ನಮ್ಮದಕ್ಕಿಂತ ಒಂದು ಕೈ ಮೇಲು. ಎಸಿ ಹಾಕಿಸೋಣವೇ ಎಂದು ಮೊದಲ ಸಲ ಕೇಳಿದಾಗ ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಎಸಿ ಹಾಕ್ಸಿದ್ರೆ ಈ ಊರು ಸತ್ತೋಯ್ತು ಅಂತ ನಾವೇ ಒಪ್ಕೊಂಡ ಹಾಗಲ್ವೇನ್ರೀ? ನಾನಿನ್ನೂ ಒಪ್ಕೊಂಡಿಲ್ಲ," ಎಂದಳು. ಕಾಲು ನಡುಗುತ್ತಿತ್ತು, ದನಿ ನಡುಗಲಿಲ್ಲ. ನನಗೂ ಒಳಗೊಳಗೇ ಹಿತವಾಯಿತು. ಎಸಿಯಿಲ್ಲದೆ, ಗಾಜು, ಬಣ್ಣ, ಪರದೆಗಳಿಂದಲೇ ಮನೆ ತಂಪು ಮಾಡಿ ತೋರಿಸುತ್ತೇನೆ ಎಂದು ಹೊರಟೆ. ತರಗತಿಯಲ್ಲಿ ಉಷ್ಣದ ಪಾಠ ಮಾಡಿ ಮಾಡಿ ಗಂಟಲು ಹರಿದುಕೊಂಡವನಿಗೆ ಒಂದು ಕೋಣೆ ಯಾವ ಲೆಕ್ಕ?

ಆ ಕೋಣೆಯ ವಿಷಯ ಹೇಳಬೇಕು. ತಾತ ಅದನ್ನು ಪೂರ್ವಕ್ಕೆ, ರಸ್ತೆಗೆ ಮುಖ ಮಾಡಿ ಇಟ್ಟಿದ್ದರು. ಬೆಳಗಿನ ಎಳೆಬಿಸಿಲು ಬಂದು ಹೋದರೆ ಮುಗಿಯಿತು. ಮಧ್ಯಾಹ್ನ ಸೂರ್ಯ ಮನೆಯ ಹಿಂದಕ್ಕೆ ಸರಿಯುತ್ತಾನೆ, ಕೋಣೆ ನೆರಳಿಗೆ ಬರುತ್ತದೆ. ಗಿರಿಜೆಯ ಮಂಚ ಅಲ್ಲೇ, ಕಿಟಕಿಯ ಪಕ್ಕ. ಕಿಟಕಿಯ ಕೆಳಗೆ, ಕಾಂಪೌಂಡಿಗೆ ಒರಗಿ, ಹೂ ಮಾರುವ ರತ್ನಮ್ಮ ಕೂರುತ್ತಿದ್ದರು. ಇಬ್ಬರೂ ಕಿಟಕಿಯ ಸರಳುಗಳ ನಡುವಿನಿಂದ ಬೀದಿಯ ಸಮಾಚಾರವನ್ನೆಲ್ಲ ಜಾಲಾಡುತ್ತಿದ್ದರು. ಕಾಲು ಇಲ್ಲದ ಹೊತ್ತನ್ನು ಗಿರಿಜೆ ಹೀಗೆ ನಾಲಿಗೆಯಿಂದ ದಾಟುತ್ತಿದ್ದಳು.

ಎದುರುಮನೆ ರಾಮೇಗೌಡರದು. ಮಾಗಡಿ ಕಡೆಯವರು, ಸೈಟಿನ ವ್ಯವಹಾರ, ಕೈ ದೊಡ್ಡದು, ಮನಸ್ಸೂ ದೊಡ್ಡದು. ಅವರು ತಮ್ಮ ಹೆಂಚಿನ ಮನೆ ಕೆಡವಿ, ನಾಲ್ಕು ಮಹಡಿ ಎಬ್ಬಿಸಿ, ಮುಂಭಾಗಕ್ಕೆಲ್ಲ ನೀಲಿ ಗಾಜು ಹೊದಿಸಿದರು. ಅವರ ಮನೆಯ ಮುಖ ಪಶ್ಚಿಮಕ್ಕೆ; ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ. ಅದಕ್ಕೇ ಬಿಸಿಲನ್ನು ಹಿಂದಕ್ಕಟ್ಟುವ ಗಾಜು. ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಕುಳಿತು, ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಲೋಹದ ಲೇಪ ಹೇಗಿರುತ್ತದೆ, ಅದು ಬಿಸಿಲನ್ನು ಹೇಗೆ ತಿರುಗಿಸುತ್ತದೆ ಎಂದು ನಾನೇ ಸಣ್ಣದೊಂದು ಪಾಠ ಮಾಡಿದೆ. ತಿರುಗಿಸಿ ಎಲ್ಲಿಗೆ ಕಳಿಸುತ್ತದೆ ಎಂದು ಪಂಕ್ತಿಯಲ್ಲಿ ಯಾರೂ ಕೇಳಲಿಲ್ಲ, ಒಬ್ಬಟ್ಟು ಚೆನ್ನಾಗಿತ್ತು. ಮಾರನೆಯ ಮಧ್ಯಾಹ್ನ ನಮ್ಮ ಸೂರಿನ ಮೇಲಿಂದ ಹಾದುಹೋದ ಬಿಸಿಲು ಆ ಗಾಜಿಗೆ ಬಡಿದು, ಹಿಂದಿರುಗಿ, ನಮ್ಮ ಪೂರ್ವದ ಕಿಟಕಿಯಿಂದ ಒಳಬಂದು ಗಿರಿಜೆಯ ಮಂಚದ ಮೇಲೆ ಬಿತ್ತು. "ರೀ, ಇದೇನು ಮತ್ತೆ ಬೆಳಗಾಯ್ತಲ್ಲ!" ಎಂದಳು. ಅಂದಿನಿಂದ ನಮ್ಮ ಮನೆಗೆ ದಿನಕ್ಕೆರಡು ಸೂರ್ಯೋದಯ.

ಮೊದಲು ಲಾವಂಚದ ತಟ್ಟಿ ಕಟ್ಟಿದೆ. ನೀರು ಚಿಮುಕಿಸಿದರೆ ಮನೆಯೆಲ್ಲ ಘಮಘಮ. ಆದರೆ ಘಳಿಗೆಗೊಮ್ಮೆ ಒಣಗುವ ಆ ತಟ್ಟಿಗೆ ಸುರಿಯಲು ನಲ್ಲಿಯಲ್ಲಿ ನೀರು ಬರಬೇಕಲ್ಲ? ಬೇಸಿಗೆಯಲ್ಲಿ ನಮ್ಮ ನಲ್ಲಿ ದಿನ ಬಿಟ್ಟು ದಿನ ಕೆಮ್ಮುತ್ತದೆ. ಕುಡಿಯುವ ನೀರನ್ನು ಹುಲ್ಲಿಗೆ ಹಾಕುವುದನ್ನು ಕಂಡು ಗಿರಿಜೆಯೇ ತಟ್ಟಿ ಬಿಚ್ಚಿಸಿದಳು.

ಆಮೇಲೆ ಜೆ.ಸಿ. ರಸ್ತೆಯಲ್ಲಿ ಕಾರುಗಳಿಗೆ ಸನ್ ಫಿಲ್ಮ್ ಅಂಟಿಸುವ ಅಂಗಡಿಗೆ ಹೋದೆ. ಅಂಗಡಿಯವನು ಕೆಂಪಗೆ ಉರಿಯುವ ಬಲ್ಬಿನ ಮುಂದೆ ಒಂದು ಗಾಜು ಹಿಡಿದು, "ಕೈ ಇಡಿ ಸಾರ್," ಎಂದ. ಇಟ್ಟೆ, ಸುಟ್ಟಿತು. ಫಿಲ್ಮ್ ಅಂಟಿಸಿದ ಗಾಜು ಹಿಡಿದು, "ಈಗಿಡಿ," ಎಂದ. ಇಟ್ಟೆ, ತಣ್ಣಗಿತ್ತು. ನನ್ನ ತರಗತಿಯ ಯಾವ ಪ್ರಯೋಗವೂ ಇಷ್ಟು ಚೆಂದ ನಡೆದದ್ದಿಲ್ಲ. ಬೆರಗಾಗಿ ಕಪ್ಪು ಫಿಲ್ಮ್ ತಂದು ಕಿಟಕಿಗೆ ಅಂಟಿಸಿದೆ. ಕಪ್ಪು ಫಿಲ್ಮ್ ಬಿಸಿಲನ್ನು ತಿರುಗಿಸುವುದಿಲ್ಲ, ಕುಡಿಯುತ್ತದೆ. ಕುಡಿದದ್ದನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ನಾಲ್ಕು ಗಂಟೆಗೆ ಕಿಟಕಿಯ ಗಾಜು ದೋಸೆ ಕಾವಲಿ. ಜೊತೆಗೆ ಕೋಣೆಯಲ್ಲಿ ಗ್ರಹಣ ಹಿಡಿದಂಥ ಕತ್ತಲೆ. ಇನ್ನೊಂದು ಥರದ್ದು ತಂದೆ, ಪಾರದರ್ಶಕ, ದುಬಾರಿ. ಬಿಸಿಲಿನ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಕಿರಣಗಳದ್ದು. ಬೆಳಕನ್ನು ಒಳಗೆ ಬಿಟ್ಟು ಆ ಕಾಣದ್ದನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸುವ ಜಾಣ ಪದಾರ್ಥ ಅದು. ಕೆಲಸ ಮಾಡಿತು, ಸುಳ್ಳು ಹೇಳಬಾರದು. ಆದರೆ ಕಿಟಕಿ ಮುಚ್ಚಿದ್ದರೆ ಮಾತ್ರ ಕೆಲಸ ಮಾಡಿತು. ಮುಚ್ಚಿದರೆ ಗಾಳಿಯಿಲ್ಲ, ರತ್ನಮ್ಮನೂ ಇಲ್ಲ. ಗಿರಿಜೆ ಗಾಜಿನಾಚೆ ಅವರ ಬಾಯಿ ಅಲ್ಲಾಡುವುದನ್ನು ಒಂದು ವಾರ ನೋಡಿ, ಎಂಟನೆಯ ದಿನ ಕಿಟಕಿ ತೆರೆದುಬಿಟ್ಟಳು. ಎರಡನೆಯ ಸೂರ್ಯ ಒಳಗೆ ಬಂದು ಕುಳಿತ.

ಕಿಟಕಿ ಬಿಟ್ಟು ತಾರಸಿ ಹಿಡಿದೆ. ಈಗ ಬಿಳಿ ಬಣ್ಣವೊಂದು ಬರುತ್ತದೆ, ಸುಣ್ಣಕ್ಕಿಂತ ಬೆಳ್ಳಗೆ, ಬಿದ್ದ ಬಿಸಿಲಲ್ಲಿ ಬಹುಪಾಲನ್ನು ಚಿಮ್ಮಿಸಿಬಿಡುತ್ತದೆ. ಎರಡು ಕೈ ಬಳಿಸಿದೆ. ಒಳಗಿನ ಸೂರು ನಿಜವಾಗಿ ತಂಪಾಯಿತು. ಗಿರಿಜೆ ಆ ಮಧ್ಯಾಹ್ನ ಗೋಡೆ ಹಿಡಿದೇ ಆದರೂ ಅಡುಗೆಮನೆಗೆ ಹೋಗಿ ತಾನೇ ಕಾಫಿ ಬೆರೆಸಿ ತಂದಳು. ಆ ಲೋಟ ಹಿಡಿದುಕೊಂಡು ನಾನು ಎಷ್ಟು ಬೀಗಿದೆನೆಂದರೆ, ಕಾಫಿ ಆರಿದ್ದು ಗೊತ್ತಾಗಲಿಲ್ಲ. ಒಂದೆರಡು ದಿನ ಕಳೆದಿರಬೇಕು, ರಾಮೇಗೌಡರು ಬಂದರು. ಕೂತರು, ಎದ್ದರು, ಮತ್ತೆ ಕೂತರು.

"ಸಾರ್, ತಪ್ಪು ತಿಳ್ಕೋಬೇಡಿ. ನಿಮ್ ತಾರಸಿ ಬೆಳಕು ನಮ್ ಎರಡನೇ ಮಹಡಿಗೆ ಹೊಡೀತಿದೆ. ನಮ್ಮ ಅಕೌಂಟೆಂಟು ಕಪ್ಪು ಕನ್ನಡಕ ಹಾಕ್ಕೊಂಡು ಕೆಲಸ ಮಾಡ್ತಿದಾನೆ."

"ಗೌಡ್ರೇ, ನಿಮ್ಮ ಗಾಜಿನ ಬಿಸಿಲು ನಮ್ಮ ಮಂಚದ ಮೇಲೆ ಬೀಳ್ತಿದೆ," ಎಂದೆ ನಾನು.

ಅವರಿಗೆ ಇದು ಗೊತ್ತೇ ಇರಲಿಲ್ಲ. ಒಳಗೆ ಬಂದು ನೋಡಿದರು. ಹೊದಿಕೆಯ ಮೇಲೆ ಉರಿಯುತ್ತಿದ್ದ ಬಿಸಿಲಿನ ಚೌಕವನ್ನೂ ಅದರಿಂದ ಕಾಲು ಸರಿಸಿಕೊಳ್ಳಲಾಗದೆ ಕೂತಿದ್ದ ಗಿರಿಜೆಯನ್ನೂ ನೋಡಿ ಅವರ ಮುಖ ಸಣ್ಣದಾಯಿತು. "ಅಯ್ಯೋ ಅಕ್ಕಾ, ಒಂದ್ ಮಾತು ಹೇಳ್ಬಾರ್ದಾ? ಗಾಜು ಕಿತ್ತಾಕಕ್ಕೆ ಆಗಲ್ಲ, ಬಾಡಿಗೆಯೋರು ಅದನ್ನ ನೋಡೇ ಬಂದಿರೋದು. ಒಂದು ಎಸಿ ನಾನೇ ಹಾಕ್ಸಿಕೊಡ್ತೀನಿ," ಎಂದರು. ಗಿರಿಜೆ ನಕ್ಕು, ಬೇಡ, ಕಾಫಿ ಕುಡಿಯಿರಿ ಎಂದಳು. ಅವರು ಹೋದ ಮೇಲೆ ಎಷ್ಟೋ ಹೊತ್ತು ನಾನು ತಾರಸಿಯ ಮೇಲೆ ನಿಂತಿದ್ದೆ. ಅವರು ಕೆಟ್ಟವರಲ್ಲ, ನಾವೂ ಅಲ್ಲ. ತಲೆಯ ಮೇಲೆ ಬಿದ್ದ ಬಿಸಿಲನ್ನು ಅವರು ನಮ್ಮ ಮನೆಗೆ ಎಸೆಯುತ್ತಾರೆ, ನಾವು ಅವರ ಮನೆಗೆ ಎಸೆಯುತ್ತೇವೆ. ಶಾಖ ನಾಶವಾಗುವುದಿಲ್ಲ ಎಂದು ಕರಿಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆನಲ್ಲ, ಆಗ ಅದು ನನಗೆ ಸಂತೋಷದ ಸುದ್ದಿಯಂತೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಆಸೆ ಹುಟ್ಟಿತು. ಲೋಕದ ಪ್ರತಿಯೊಂದು ವಸ್ತುವೂ, ಈ ಮೇಜು, ಈ ಗೋಡೆ, ನೀವು, ನಾನು, ನಮ್ಮ ಬಿಸಿಯನ್ನು ಕಾಣದ ಬೆಳಕಾಗಿ ಹೊರಗೆ ಬಿಡುತ್ತಲೇ ಇರುತ್ತೇವೆ. ಅದರಲ್ಲಿ ಹೆಚ್ಚಿನದನ್ನು ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಪಾಲನ್ನು ಮಾತ್ರ ಬಿಟ್ಟುಬಿಡುತ್ತದೆ. ಅದು ಮೋಡವಿಲ್ಲದ ಆಕಾಶವನ್ನು ಹಾದು ನೇರ ಆಚೆಗೆ, ನಕ್ಷತ್ರಗಳ ನಡುವಿನ ಮಹಾ ಚಳಿಗೆ ಹೊರಟುಹೋಗುತ್ತದೆ. ತಿಳಿದವರು ಇದನ್ನು ಆಕಾಶದ ಕಿಟಕಿ ಎನ್ನುತ್ತಾರೆ. ತನ್ನ ಬಿಸಿಯನ್ನು ಆ ಕಿಟಕಿಯಿಂದಲೇ ಕಳಿಸುವಂಥ ಹಾಳೆಗಳನ್ನೂ ಬಣ್ಣಗಳನ್ನೂ ಈಗ ಮಾಡಿದ್ದಾರೆ. ನಡುಮಧ್ಯಾಹ್ನದ ಬಿಸಿಲಲ್ಲಿಟ್ಟರೂ ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತವಂತೆ. ಇದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಓಡಿಹೋಗಿ ಗಿರಿಜೆಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಅಲ್ಲಿ ಯಾರೂ ಇಲ್ವಾ?" ಎಂದಳು.

"ಎಲ್ಲಿ?"

"ನಮ್ಮ ಬಿಸಿ ಹೋಗಿ ಬೀಳತ್ತಲ್ಲ, ಅಲ್ಲಿ."

"ಯಾರೂ ಇಲ್ಲ."

"ಹಾಗಾದ್ರೆ ಹಾಕ್ಸಿ."

ಹಾಕಿಸುವ ಮುಂಚೆ ಲೆಕ್ಕ ಹಾಕೋಣವೆಂದು ತಾರಸಿಯ ಮೇಲೆ ಅಂಗಾತ ಮಲಗಿದೆ. ಬಿಸಿ ಆಕಾಶಕ್ಕೆ ಹೋಗಬೇಕಾದರೆ ತಾರಸಿಗೆ ಆಕಾಶ ಕಾಣಬೇಕು. ಎದುರಿಗೆ ಗೌಡರ ನಾಲ್ಕು ಮಹಡಿ, ಹಿಂದೆ ಐದು ಮಹಡಿಯ ಹಾಸ್ಟೆಲ್ಲು, ಎಡಕ್ಕೆ ಆಸ್ಪತ್ರೆಯೊಂದರ ಗೋಡೆ, ಬಲಕ್ಕೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಕಂಬಿಗಳು. ನಡುವೆ ಒಗೆದು ಒಣಹಾಕಿದ ಟವೆಲಿನಷ್ಟು ಆಕಾಶ. ಸುತ್ತಲಿನ ಗೋಡೆಗಳೆಲ್ಲ ನಮ್ಮ ಪುಟ್ಟ ತಾರಸಿಯ ಕಡೆ ತಮ್ಮ ಬಿಸಿಯನ್ನು ಊದುತ್ತಿದ್ದವು. ಈ ಊರಿನಲ್ಲಿ ಯಾರಿಗೂ ನೋವಾಗದಂತೆ ಶಾಖವನ್ನು ಕಳಿಸಬಹುದಾದ ಜಾಗ ಒಂದೇ, ಅದಕ್ಕಿದ್ದ ದಾರಿಯನ್ನು ಮುಚ್ಚಿಯಾಗಿದೆ. ನಾನು ಅಲ್ಲೇ ಮಲಗಿಕೊಂಡು ಸ್ವಲ್ಪ ಅತ್ತೆ. ಮೇಲಿನ ಹಾಸ್ಟೆಲ್ಲಿನಿಂದ ಯಾರೋ, "ಅಂಕಲ್, ಹುಷಾರಾಗಿದೀರಾ?" ಎಂದು ಕೂಗಿದರು. ಕೈಯೆತ್ತಿ ತೋರಿಸಿ ಕೆಳಗಿಳಿದು ಬಂದೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಗಿರಿಜೆ ನೀರು ಕುಡಿಯಲೆಂದು ಎದ್ದು, ಕೋಣೆಗೂ ಅಡುಗೆಮನೆಗೂ ನಡುವೆ ಕುಸಿದು ಕೂತಳು. ನಾನು ಹೊರಗೆ ಹೋಗಿದ್ದೆ. ಬರುವ ಹೊತ್ತಿಗೆ ಖಾಲಿ ಲೋಟ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದಳು. "ಹಾಕ್ಸಿ," ಎಂದಳು, ಅಷ್ಟೇ. ಎಸಿಯನ್ನು ಎಂದು ಇಬ್ಬರಿಗೂ ಗೊತ್ತಿತ್ತು; ನಾನೂ ಅವಳ ಪಕ್ಕ ಕೂತೆ. ಒಂದು ಊರು ಸತ್ತಿತೆಂದು ನಾವಿಬ್ಬರೂ ಒಪ್ಪಿಕೊಂಡದ್ದು ಹೀಗೆ, ನೆಲದ ಮೇಲೆ ಕೂತು.

ಎಸಿ ಬಂತು. ಅದರ ಬಿಸಿ ಉಸಿರಿನ ಡಬ್ಬವನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಅಕ್ಕಪಕ್ಕ ಗೋಡೆಗೆ ಗೋಡೆ ಅಂಟಿದೆ, ಹಿಂದೆ ಜಾಗವಿಲ್ಲ, ತಾರಸಿಯ ಬಿಸಿಲಿಗೆ ಅದು ಬೇಗ ಕೆಡುತ್ತದೆಂದರು. ಮುಂದಿನ ಕಿಟಕಿಯ ಮೇಲೇ ಕೂರಿಸಿದರು. ಕೋಣೆ ತಣ್ಣಗಾಯಿತು. ಗಿರಿಜೆಯ ಕಾಲು ಮಧ್ಯಾಹ್ನವೂ ಅವಳ ಮಾತು ಕೇಳಿತು, ಆದರೆ ಹೊಸ್ತಿಲಿನ ಈಚೆಗೆ ಮಾತ್ರ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ಓಡಾಡುತ್ತ, "ನೋಡಿ, ಫ್ರಿಜ್ಜಲ್ಲಿ ಟೊಮ್ಯಾಟೊ ವಾಕಿಂಗ್ ಹೋಗ್ತಿದೆ," ಎಂದು ನಗಿಸಲು ನೋಡಿದಳು. ಅವಳು ಹಾಗೆ ನಗಿಸಲು ನೋಡುವುದನ್ನೇ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಡಬ್ಬ ಊದುತ್ತಿದ್ದ ಬಿಸಿಗಾಳಿ ನೇರ ಬೀಳುತ್ತಿದ್ದದ್ದು ರತ್ನಮ್ಮನ ತಲೆಯ ಮೇಲೆ. ಮಲ್ಲಿಗೆ ಮೊಗ್ಗು ಮೂರು ಗಂಟೆಗೇ ಕಂದುಬಣ್ಣಕ್ಕೆ ತಿರುಗಿತು. ಅವರು ಬುಟ್ಟಿ ಎತ್ತಿಕೊಂಡು, ರಸ್ತೆ ತಿರುವಿನಲ್ಲಿ, ನೆರಳಿಲ್ಲದ ಕಡೆ ಹೋಗಿ ಕೂತರು. ನಾನು ಹೋಗಿ ಏನೋ ತೊದಲಿದೆ. "ಬಿಡಿ ಸಾರ್, ಅಮ್ಮೋರು ತಣ್ಣಗಿದ್ರೆ ಸಾಕು," ಎಂದರು. ಗಿರಿಜೆಗೆ ನಾನಿದನ್ನು ಹೇಳಲಿಲ್ಲ, ಆದರೆ ಮುಚ್ಚಿದ ಗಾಜಿನಲ್ಲೂ ಖಾಲಿ ಜಾಗ ಕಾಣುತ್ತದಲ್ಲ.

ನಿನ್ನೆ ಮಧ್ಯಾಹ್ನ ಅವಳು ಎಸಿ ಆರಿಸಿ, ಬಾಗಿಲು ತೆರೆದು, ಹೊಸ್ತಿಲು ದಾಟಿದಳು. ತಣ್ಣಗಾದ ಮೈ ಒಮ್ಮೆಲೇ ಬಿಸಿಯಾಗುವುದಿಲ್ಲ. ಆ ತಂಪು ಇರುವಷ್ಟು ಹೊತ್ತು ಕಾಲು ಇರುತ್ತದೆ. ಇದನ್ನು ಅವಳು ತಾನೇ ಕಂಡುಕೊಂಡಿದ್ದಳೆಂದು ತೋರುತ್ತದೆ. ಅಡುಗೆಮನೆಗೆ ಹೋಗುತ್ತಾಳೆಂದುಕೊಂಡೆ. ಅವಳು ಜಗಲಿಗೆ ಬಂದು, ಕಂಬ ಹಿಡಿದು, ಇದ್ದ ದನಿಯನ್ನೆಲ್ಲ ಹಾಕಿ ಕೂಗಿದಳು. "ರತ್ನಮ್ಮಾ! ಎಸಿ ಆಫ್ ಮಾಡಿದೀನಿ, ಬನ್ನಿ ಇಲ್ಲಿ!" ಅಷ್ಟರಲ್ಲಿ ತಂಪು ಮುಗಿಯಿತು. ನಾನು ಓಡಿ ಕುರ್ಚಿ ತಂದು ಅವಳ ಹಿಂದೆ ಇಡುವುದಕ್ಕೂ ಕಾಲು ಕೈಕೊಡುವುದಕ್ಕೂ ಸರಿಹೋಯಿತು. ರತ್ನಮ್ಮ ಬುಟ್ಟಿ ಹೊತ್ತು ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತರು. ಅದೇ ಹೊತ್ತಿಗೆ ಎದುರಿನ ಗಾಜಿನಲ್ಲಿ ಎರಡನೆಯ ಸೂರ್ಯ ಹುಟ್ಟಿ ಇಬ್ಬರ ಮೇಲೂ ಬಿದ್ದ.

ಕೊಡೆ ತರಲು ಒಳಗೆ ಹೋಗುವಷ್ಟು ವ್ಯವಧಾನ ನನಗಿರಲಿಲ್ಲ. ಹೋಗಿ ಅವರ ಮುಂದೆ, ಗಾಜಿಗೆ ಬೆನ್ನು ಮಾಡಿ ನಿಂತೆ. ಬೆನ್ನು ಚುರುಗುಟ್ಟಿತು. ಮುಂದೆ ಗಿರಿಜೆಯ ಮೇಲೆ ನನ್ನ ನೆರಳು ಬಿತ್ತು. ಇಷ್ಟು ದಿನದಲ್ಲಿ ನಾನು ಹೂಡಿದ ಉಪಾಯಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಇದೊಂದೇ ಎಂದು ಹೇಳಹೊರಟಿದ್ದೆ.

"ರೀ, ಸ್ವಲ್ಪ ಎಡಕ್ಕೆ ಬನ್ನಿ," ಎಂದಳು. ಬಂದೆ. "ಇನ್ನೂ ಸ್ವಲ್ಪ." ಬಂದೆ. ನೆರಳು ಜರುಗಿ ಮಲ್ಲಿಗೆಯ ಬುಟ್ಟಿಯನ್ನೂ ರತ್ನಮ್ಮನ ತಲೆಯನ್ನೂ ಮುಚ್ಚಿತು, ಗಿರಿಜೆಯ ಎರಡು ಮೊಣಕಾಲುಗಳ ಮೇಲೆ ಬಿಸಿಲು ಬಿತ್ತು. ಒಬ್ಬನ ನೆರಳು ಇಬ್ಬರಿಗೆ ಸಾಲುವುದಿಲ್ಲ. ನಾನು ಬಲಕ್ಕೆ ಸರಿಯಹೋದೆ.

"ಅಲ್ಲೇ ನಿಂತ್ಕೊಳ್ರೀ," ಎಂದಳು ಗಿರಿಜೆ. "ನಂಗೇನು, ಒಳಗೆ ಎಸಿ ಇದೆ."

ಒಳಗೆ ಹೋಗಲು ಅವಳಿಗೆ ಕಾಲಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ನಾನು ಅಲ್ಲೇ ನಿಂತುಕೊಂಡೆ.